ಲೋಪ, ಆಗಮ, ಆದೇಶ

ಶಾಲೆಯಲ್ಲಿ ಕಲಿತ ಲೋಪಕ್ಕೆ ನೋವಿರಲಿಲ್ಲ.
ಊರು, ಅಲ್ಲಿ; ಕೂಡಿದರೆ ಊರಲ್ಲಿ.
ನಡುವೆ ಒಂದು ಉಕಾರ ಬಿದ್ದುಹೋಯಿತು,
ಯಾರೂ ಹುಡುಕಲಿಲ್ಲ.

ಸ್ವಾನ್ಸಿಯ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ದಾಖಲೆ ಗುಮಾಸ್ತೆ ಮೆನ್ನಾ ಪ್ರಾಸರ್
ಇನ್ನೊಂದು ಬಗೆಯ ಲೋಪವನ್ನು
ಜೆರಾಕ್ಸ್ ಮಾಡುತ್ತಿದ್ದಾಳೆ.
ಇಡ್ವಲ್ ಬೆಡೋ, ಅರವತ್ತೊಂದು,
ಪಿಯಾನೊಗಳಿಗೆ ಶ್ರುತಿ ಕೂಡಿಸುವವನು.
ನಾನೂರ ಹನ್ನೆರಡು ಪುಟ.
ಸೋಂಕು ರಕ್ತಕ್ಕೇರಿ ಬಂದಿದ್ದ, ಬದುಕಿ ಹೋದ.
ಬದುಕಿಸಿದ ಔಷಧಿಯೇ ಅವನ ಕಿವಿಯನ್ನು
ಮೇಲಿನ ಸ್ವರದಿಂದ ಕೆಳಕ್ಕೆ
ಇಲಿ ರೊಟ್ಟಿಯ ಅಂಚು ತಿಂದಂತೆ ತಿಂದಿತ್ತು.

ಸೂಜಿ ಚುಚ್ಚುವ ಮುನ್ನ ರಕ್ತ ನೋಡಬೇಕು,
ನೋಡಿದ್ದನ್ನು ಚೌಕದಲ್ಲಿ ಬರೆಯಬೇಕು.
ಮಂಗಳವಾರದ ಚೌಕ ಖಾಲಿ.
ಬುಧವಾರ ಖಾಲಿ.
ಗುರುವಾರದ್ದರಲ್ಲಿ ಚಹಾದ ಕಲೆ.

ಐದೂವರೆಗೆ ಲಿಫ್ಟಿನಿಂದಿಳಿದಳು ಗ್ಲೆನಿಸ್,
ಒಂಬತ್ತನೇ ವಾರ್ಡಿನ ಸಿಸ್ಟರ್,
ಕಣ್ಣ ಕೆಳಗೆ ಎರಡು ಪಾಳಿಯ ಕಪ್ಪು.
ಮೆನ್ನಾಳ ಅಮ್ಮ ಸಾಯುವ ರಾತ್ರಿ
ಒದ್ದೆ ಹತ್ತಿಯಲ್ಲಿ ತುಟಿ ತೇವ ಮಾಡಿದವಳು ಇವಳೇ.
ಕಿಸೆಯಲ್ಲಿ ನೀಲಿ ಪೆನ್ನು.
"ಆ ವಾರ ಮೂವತ್ತು ಮಂಚಕ್ಕೆ ಇಬ್ಬರೇ ಇದ್ದೆವು ಮೆನ್ನಾ.
ರಕ್ತ ತೆಗೆದಿದ್ದೆ ಅಂತಲೇ ನೆನಪು.
ಮೂರು ಅಂಕಿ, ಅಷ್ಟೆ.
ಒಂದು ನಿಮಿಷ ಕೊಡು ಆ ಫೈಲು."

ಇದಕ್ಕೂ ವ್ಯಾಕರಣದಲ್ಲಿ ಹೆಸರಿದೆ.
ಮನೆ, ಅನ್ನು; ಮನೆಯನ್ನು.
ಆ ಯಕಾರ ಎಲ್ಲಿತ್ತು, ಯಾರು ಕರೆದರು?
ಬಾಯಿಗೆ ಸಲೀಸಾಗಲೆಂದು ಬರುತ್ತದೆ,
ಆಗಮ ಅನ್ನುತ್ತಾರೆ, ಎಂದಿದ್ದರು ಮೇಷ್ಟ್ರು.

"ಪ್ರತಿ ಹೋಯಿತಲ್ಲ, ಮಧ್ಯಾಹ್ನದ ಅಂಚೆಗೆ."
ಸುಳ್ಳು. ಪ್ರತಿ ಯಂತ್ರದ ತಟ್ಟೆಯಲ್ಲೇ ಇತ್ತು,
ಇನ್ನೂ ಬೆಚ್ಚಗೆ.
ಗ್ಲೆನಿಸ್ ಪೆನ್ನಿನ ಕ್ಯಾಪು ತೆಗೆದಳು, ಹಾಕಿದಳು.
ಲಿಫ್ಟು ಬರುವ ತನಕ ಇಬ್ಬರೂ
ಮೆನ್ನಾಳ ನಾಯಿಯ ಮಂಡಿನೋವಿನ ಬಗ್ಗೆ ಮಾತಾಡಿದರು.

ಆಮೇಲೆ ಇನ್ನೂರ ಎಂಬತ್ತೇಳನೇ ಪುಟವನ್ನು
ಅವಳು ಮತ್ತೆ ಗಾಜಿನ ಮೇಲಿಟ್ಟಳು.
ಖಾಲಿಯನ್ನು ನಕಲು ಮಾಡುವುದು ಸುಲಭವಲ್ಲ,
ಗಾಜಿಗಂಟಿದ ಒಂದು ಧೂಳಿನ ಕಣವೂ
ಅಂಕಿಯಂತೆ ಕಂಡೀತು.
ಸೆರಗಿಲ್ಲದ ಊರು; ಕಾರ್ಡಿಗನ್ನಿನ ತೋಳಿನಲ್ಲೇ ಒರೆಸಿದಳು.

ಮೂರು ವರ್ಷ ಎಂಟು ತಿಂಗಳು.
ಒಬ್ಬ ತಜ್ಞ, ಆ ತಜ್ಞನಿಗೆ ಉತ್ತರ ಕೊಡಲು ಇನ್ನೊಬ್ಬ.
"ವಯಸ್ಸಾದರೆ ಎಲ್ಲರ ಕಿವಿಯೂ ಹೀಗೇ,"
ಎಂದರು ಆ ಕಡೆಯ ವಕೀಲರು.
ಇಡ್ವಲ್‌ಗೆ ಕೇಳಿಸಲಿಲ್ಲ, ಮತ್ತೆ ಹೇಳಬೇಕಾಯಿತು.
ಎರಡನೇ ಸಲ ಅವರ ದನಿ ಸಣ್ಣದಾಗಿತ್ತು.

ಕೊನೆಗೆ ಆದೇಶ ಬಂತು.
ಆದೇಶವೆಂದರೂ ಅದೇ, ಒಂದರ ಜಾಗಕ್ಕೆ ಇನ್ನೊಂದು.
ಕಣ್, ಪನಿ; ಕಂಬನಿ.
ಪ ಎದ್ದುಹೋಗಿ ಬ ಬಂದು ಕೂತಂತೆ
ಕಿವಿಯಿದ್ದ ಕಡೆ ಪೌಂಡು.

ಹಣವೇನು ಕಡಿಮೆಯಲ್ಲ.
ಹಕ್ಕಿನ ದುಡ್ಡಿಗೆ ನಾಚಿಕೆ ಯಾಕೆಂದು
ಎರಡೆರಡು ಸಲ ಎಣಿಸಿಕೊಂಡ.
ಅದರಲ್ಲೇ ನೆಸ್ಟಾ ಎಂಬ ಹತ್ತೊಂಬತ್ತರ ಹುಡುಗಿಗೆ
ತಿಂಗಳ ಸಂಬಳ.

ಶನಿವಾರ, ಬೆಟ್ಟದ ಬುಡದ ಚಾಪೆಲ್ಲು.
ಎಡಗಡೆಯ ದಪ್ಪ ತಂತಿಗಳು ಅವನವು.
ಒಂದು ಮನೆ ಬಂದಾಗ ನಿಲ್ಲುತ್ತಾನೆ,
ಬೆಂಚಿನಿಂದೆದ್ದು ಗೋಡೆ ಹಿಡಿದು
ಕೀಲಿಯನ್ನು ಅವಳ ಕೈಗಿಡುತ್ತಾನೆ.
ಅಲ್ಲಿಂದಾಚೆ ಅವನಿಗೆ ಕೇಳುವುದು
ಸುತ್ತಿಗೆಯ ಮರದ ಟಕ್ ಮಾತ್ರ.
ಸರಿಯಾಯಿತೇ ಎಂದು ಅವಳ ಹುಬ್ಬನ್ನು ನೋಡುತ್ತಾನೆ.
ಈ ವರ್ಷ ಗಡಿ ಇನ್ನೆರಡು ಮನೆ ಕೆಳಗೆ ಜರುಗಿದೆ,
ನೆಸ್ಟಾ ಗಮನಿಸಿದ್ದಾಳೆ, ಹೇಳಿಲ್ಲ.

ಹಿಂದಿನ ಸಾಲಿನಲ್ಲಿ ಗ್ಲೆನಿಸ್,
ನಾಳೆಯ ಹೂವಿಗೆ ಹೂಜಿಗಳಲ್ಲಿ ನೀರು ತುಂಬುತ್ತಾ.
ಅವಳಿಗೆ ಎಲ್ಲವೂ ಕೇಳಿಸುತ್ತದೆ.
ನೀರು ತುಂಬಿ ಹೊರಚೆಲ್ಲುತ್ತಿದೆ.