ಒಳಗೇನೈತಿ

ಟಿಕೋಟಾ ಬಸ್‌ಸ್ಟ್ಯಾಂಡಿನ ಎದುರು
ಪಂಚರಿನಂಗಡಿಗೂ ಔಷಧದಂಗಡಿಗೂ ನಡುವ
ಆರು ಫೂಟು ಜಾಗಾ, ಒಂದು ತಕ್ಕಡಿ, ಒಂದು ಟೇಪು, ನಾನು.
ಹನ್ನೆರಡು ವರ್ಷ ಆತು, ಬಂದವರಿಗೆಲ್ಲ
ಒಂದ ಮಾತು ಕೇಳತೀನಿ:
ಒಳಗೇನೈತ್ರಿ?

ಹೇಳತಾರ.
ಬಾಣಂತಿಗೆ ಅಂಟಿನುಂಡಿ, ಸೊಲ್ಲಾಪುರಕ್ಕ.
ಕೋರ್ಟಿನ ಕಾಗದ, ಕಲಬುರಗಿಗೆ.
ಒಂದು ಜೋಡಿ ಹಲ್ಲು, ಮೀರಜಿಗೆ,
ಬೀಗರು ಬಚ್ಚಲದಾಗ ಮರತು ಹೋಗಿದ್ರು.
ಹೋದ ಶ್ರಾವಣದಾಗ ಒಬ್ಬಾಂವ ಸ್ಟೀಲ ಡಬ್ಬಿ ಇಟ್ಟು
"ನಮ್ಮ ಕಾಕಾ" ಅಂದ.
ಬೂದಿ. ಪಂಢರಪುರಕ್ಕ.
ಸ್ವಲ್ಪ ತೂಕ ಹೆಚ್ಚಾಗಿತ್ತು, ಅದರ ರೊಕ್ಕ ತಗೊಳ್ಳಲಿಲ್ಲ.

ನಿನ್ನೆ ಹಂಜಗಿಯವರ ನೀಲಗಂಗಾ ಬಂದ್ಳು.
ಮಡ್ಡಿ ಮ್ಯಾಲಿನ ವೈನರಿಯೊಳಗ ಪೀಪಾಯಿ ಕಾಯೂಕಿ,
ಉಗುರಿನ ಸಂದ್ಯಾಗ ನೇರಳೆ ಬಣ್ಣ, ತೊಳದ್ರೂ ಹೋಗಿಲ್ಲ.
ಹಳೇ ಇಳಕಲ್ ಸೆರಗಿನಾಗ ಸುತ್ತಿದ ಡಬ್ಬಿ.
ಸಿರಪ್ ಅನಬಹುದಿತ್ತು. ಜೇನು ಅಂತಾರ ಕೆಲವರು.
ಆಕಿ ಅನ್ನಲಿಲ್ಲ.
"ನಾನ ಮಾಡಿದ ಮೊದಲನೇ ವೈನು. ಎರಡು ಬಾಟ್ಲಿ.
ನಾಶಿಕದಾಗ ಫಿಲೊಮಿನಾ ಬಾಯಿಗೆ. ಕಲಿಸಿದಾಕಿ.
ಕಳಸು, ತಪ್ಪು ಎಲ್ಲೆಲ್ಲೈತಿ ಹೇಳತೀನಿ ಅಂದಾಳ."

ನನ್ನ ಬೆನ್ನ ಹಿಂದ ಗ್ವಾಡಿಗೆ ಪಟ್ಟಿ ಐತಿ.
ಪಟಾಕಿ, ಆಸಿಡ್, ನಗದು, ಜೀವ ಇರೂ ಪ್ರಾಣಿ, ಇದು.
ಅಂಗಡಿಂದ ಅಂಗಡಿಗೆ ಹೋಗಬಹುದಂತ,
ಪರವಾನಗಿಂದ ಪರವಾನಗಿಗೆ.
ಮನಿ ಬಾಗಿಲಿಗೆ ಮಾತ್ರ ಬರಂಗಿಲ್ಲ.
"ಗೊತ್ತೈತಿ," ಅಂದ್ಳು. "ಅಬಕಾರಿ ಆಫೀಸಿಗೆ ಮೂರು ಸಲ ಹೋಗಿ ಬಂದೆ.
ಎರಡು ಬಾಟ್ಲಿಗೂ ಎರಡು ಲಾರಿಗೂ ಒಂದ ಫಾರ್ಮಂತ."

ಕಾಯ್ದೆ ಸುಮ್ಮ ಹುಟ್ಟಿಲ್ಲ ಬಿಡ್ರಿ.
ಪಂಚರಿನ ಮಲಕಾರಿಯ ಅವ್ವ ಇದ್ದಿದ್ರ ಹೇಳತಿದ್ಲು
ನಡುರಾತ್ರಿ ಕದಾ ಬಡದು ಬರತಿದ್ದದ್ದು ಏನಂತ,
ಮನಿಯಾಗಿನ ಭಾಂಡೆ ಒಂದೊಂದ ಎಲ್ಲಿಗೆ ಹ್ವಾದವಂತ.
ಅದನ್ನ ಆಕಿಗೆ ಅಂದೆ. ಆಕಿ ಹೂಂ ಅಂದ್ಳು.

ಆದ್ರ ಮಾರ್ಚ್ ತಿಂಗಳು. ಆಕಿ ಕಾಲ ಹತ್ರ
ಆಗಲೇ ತೂಕ ಆಗಿ ಕುಂತಿದ್ವು ಯಾರವೋ ಹದಿನೆಂಟು ಡಬ್ಬಿ ಮಣೂಕ,
ಇಂದೋರು, ಜಮ್ಮು, ಗುವಾಹಟಿ.
ಬಳ್ಳಿ ಬ್ಯಾರೆ, ಮಡ್ಡಿ ಒಂದ, ಬೋರಿನ ನೀರೂ ಒಂದ.
ಹಸರ ಜಾಳಗಿ ಶೆಡ್ಡಿನಾಗ ಹದಿನೈದು ದಿನಾ ಒಣಗಿ
ಇದ್ದ ನೀರೆಲ್ಲ ಕಳಕೊಂಡದ್ದು
ಎಲ್ಲಿ ಬೇಕಲ್ಲಿ ಹೋಗತೈತಿ, ತಡಿಯಾವರಿಲ್ಲ.
ನೀರು ಹಿಡಕೊಂಡು ಕತ್ತಲದಾಗ ಕುಂತು
ತನ್ನಷ್ಟಕ್ಕ ತಾನ ಬ್ಯಾರೆ ಏನೋ ಆದದ್ದಕ್ಕ
ಚೆಕ್‌ಪೋಸ್ಟು.

ಬಾಟ್ಲಿ ಮ್ಯಾಲ ಕೈಬರಹದ ಚೀಟಿ: ಶಿರಾಜ್.
ದ್ರಾಕ್ಷಿ ಹೆಸರಂತ. ನನಗ ಅದು ಊರು.
ನಮ್ಮ ಮೂಲ ಅಲ್ಲೇ ಅಂತ ಅಬ್ಬಾ ಹೇಳತಿದ್ರು,
ಆದಿಲಶಾಹಿ ಕಾಲಕ್ಕ ಹಡಗ ಹತ್ತಿ ಬಂದವರಂತ.
ಖರೇನೋ, ಸಂಜಿ ಮಾತೋ.
ದಾಭೋಳ ಬಂದರದಾಗ ಇಳಿಯೂಮುಂದ
ಗಂಟಿನ ಮ್ಯಾಲ ಕೈಯಿಟ್ಟು ಯಾರರ ಕೇಳಿದ್ರೇನೋ
ಒಳಗೇನೈತಿ ಅಂತ.

"ಒಂದು ಹಾಳಿ ಕೊಡು ದಸ್ತಗೀರ," ಅಂದ್ಳು.
ಶಟರ್ ಅರ್ಧಾ ಇಳಿಸಿದೆ.
ಬೂಚು ತಗದು ಚಾದ ಕಪ್ಪಿಗೆ ಎರಡು ಬೆರಳು ಹಾಕಿ
ಮೂಗಿಗೆ ಹಿಡದು ಬರಿಯಾಕ ಹತ್ತಿದ್ಳು.
ನಡುವ ತಡದು ಕಪ್ಪು ನನ್ನ ಕಡೆ ಚಾಚಿದ್ಳು.
ನಾ ಕುಡಿಯಾಂವಲ್ಲ ಅಂದೆ.
"ಕುಡಿ ಅಂದೋರ್ಯಾರು? ಮೂಸಿ ಹೇಳು."

ಕಣ್ಣು ಮುಚ್ಚಿದೆ.
ಕಮ್ಮಾರ ಕಾದ ಕುಡಗೋಲು
ಬಾನಿ ನೀರಾಗ ಅದ್ದಿದಾಗ ಏಳತದಲ್ಲ, ಆ ಹೊಗಿ.
ಹಿಂದ ಎಲ್ಲೋ ಹುಣಸಿ ತೊಕ್ಕು.
ಅಂದದ್ದು ಅಂದಂಗ ಬರದ್ಳು,
"ಹುಣಸಿ ಬರಬಾರದಿತ್ತು," ಅಂತ ತನಗ ತಾನ ಅಂದ್ಳು.

ಸ್ಕೂಟಿ ಮ್ಯಾಲ ಎರಡೂ ಬಾಟ್ಲಿ ವಾಪಸ ಮಡ್ಡಿಗೆ ಹ್ವಾದವು.
ಫಾರ್ಮಿನಾಗ ಬರದೆ: ಕಾಗದ, ಇಪ್ಪತ್ತು ಗ್ರಾಂ.
ಹಾಳಿ ಮಡಚೂಮುಂದ ನೋಡತೀನಿ, ತಳದಾಗ
ಹುಣಸಿ ಅನ್ನೂ ಅಕ್ಷರದ ಮ್ಯಾಲ ಒಂದು ಹನಿ ಬಿದ್ದೈತಿ,
ಇನ್ನೂ ಹಸಿ.
ಫ್ಯಾನಿನ ಕೆಳಗ ಇಟ್ಟೆ.
ಒಣಗಿದ ಮ್ಯಾಲ ಗೋಂದು ಹಚ್ಚಿದೆ.