ನೂರಕ್ಕೆ ತೊಂಬತ್ತೊಂದು

ಎರಡು ಕಟ್ಟು ಕಾಗದ ತಂದಿದ್ದೆ ದೋಣಿಯಲ್ಲಿ,
ಹಳದಿ ಕೇಳಿದವರಿಗೆ, ನೀಲಿ ಕಟ್ಟಿದವರಿಗೆ.
ಇಪ್ಪತ್ತು ಪ್ರಶ್ನೆ. ಒಂದೊಂದಕ್ಕೂ ಎರಡೆರಡು ಗೆರೆ:
ನಿಮಗೆ ಬೇಕಿದ್ದದ್ದೇನು,
ಅವರಿಗೇನು ಬೇಕಿತ್ತೆಂದು ನಿಮ್ಮ ಎಣಿಕೆ.
ತಾಳೆ ನೋಡಿ ಅಂಕಿ ಹಾಕುವುದು ನನ್ನ ಕೂಲಿ.

ಚಿಲೋಯೆಯ ಬಗಲಿಗೆ ಅಂಟಿದ ಪುಟ್ಟ ದ್ವೀಪ.
ನೂರ ಹದಿನಾಲ್ಕು ಮನೆ, ಒಂದು ಗಂಟೆಗೋಪುರ,
ಹೊಸದಾಗಿ ಒಂದು ಇಳಿಜಾರು, ಕಾಂಕ್ರೀಟಿನದು,
ದಡದಿಂದ ಕಡಲಿಗೆ ಚಾಚಿದ ನಾಲಿಗೆ.
ಕೇಳಿದವರು ಪಾಚಿ ಹೆಕ್ಕುವ ಹೆಂಗಸರ ಸಂಘ;
ಕಟ್ಟಿದವರು ಪುಯೆರ್ತೊ ಮೊಂತ್‌ನ ಕಂಪನಿ.

ಎಂಜಿನಿಯರ್ ಗಾಸ್ಪಾರ್ ಓಯಾರ್ಸೂನ್
ಏಳೇ ನಿಮಿಷದಲ್ಲಿ ತುಂಬಿಕೊಟ್ಟ,
ಜೀಪಿನ ಬಾನೆಟ್ಟಿನ ಮೇಲೆ, ನಿಂತಲ್ಲೇ.
ಸರಿ ಗುರುತುಗಳೆಲ್ಲ ಒಂದೇ ಎತ್ತರ,
ಕವಾಯತಿಗೆ ನಿಂತ ಹುಡುಗರ ಹಾಗೆ.

ಸಂಘದ ಎದುವೀನಾ ಮನ್ಸಿಯಾಗೆ
ಇಡೀ ಮಧ್ಯಾಹ್ನ ಹಿಡಿಯಿತು.
ಒದ್ದೆ ಕೈ; ಹಾಳೆ ಮೆತ್ತಗಾಗಿ
ಮೂರು ಕಡೆ ಪೆನ್ಸಿಲು ತೂರಿಹೋಯಿತು.
"ಅವರ ಮನಸ್ಸಿನದು ನನಗೆ ಹೇಗೆ ಗೊತ್ತು?
ಗಂಡನದೇ ಗೊತ್ತಿಲ್ಲ, ಮೂವತ್ತೆರಡು ವರ್ಷ."
ಅಂದಾಜು ಬರೆಯಿರಿ, ಎಂದೆ.
"ಅಂದಾಜಿಗೆಲ್ಲ ಸಂಬಳ ಕೊಡುತ್ತಾರಾ ನಿನಗೆ?"
ನಕ್ಕಳು. ನಾನೂ.

ರಾತ್ರಿ, ಕಟ್ಟಿಗೆ ಒಲೆಯ ಪಕ್ಕ, ಕೂಡಿದೆ, ಕಳೆದೆ.
ಇಳಿಜಾರು ಎಷ್ಟು ಮುಖ್ಯ?
ಬಹಳ. ಬಹಳ.
ನೀರಿನ ತನಕ ತಲುಪಬೇಕೆ?
ಹೌದು. ಹೌದು.
ಎದುರಿನವರು ನಿಮ್ಮ ಮಾತಿಗೆ ಕಿವಿಗೊಟ್ಟರೆ?
ಕೊಟ್ಟರು. ಕೊಟ್ಟರು.
ಹೂಂಗೆ ಹೂಂ, ಅಂಕಿಗೆ ಅಂಕಿ.
ನೂರಕ್ಕೆ ತೊಂಬತ್ತೊಂದು!
ಹದಿನಾರು ಯೋಜನೆ ಅಳೆದವಳು ನಾನು,
ಇಷ್ಟು ಎಲ್ಲೂ ಬಿದ್ದಿರಲಿಲ್ಲ.
ಮತ್ತೊಮ್ಮೆ ಕೂಡಿ, ಹಿಗ್ಗಿ, ಮಲಗಿದೆ.

ಹನ್ನೊಂದನೆಯದು ಮಾತ್ರ ಹಲ್ಲಿಗೆ ಸಿಕ್ಕ ನಾರು.
'ಕೆಲಸ ಮುಗಿಯಿತು' ಎಂದರೆ ಏನು?
ನೀಲಿಯಲ್ಲಿ: ಸಿಮೆಂಟಿಗೆ ಇಪ್ಪತ್ತೆಂಟು ದಿನ, ಆಮೇಲೆ ಸಹಿ.
ಹಳದಿಯಲ್ಲಿ: ಒತೀಲಿಯಾ
ನಡುದಾರಿಯಲ್ಲಿ ಮೂಟೆ ಇಳಿಸದೆ ಮೇಲೆ ಬಂದ ದಿನ.

ಹುಣ್ಣಿಮೆಯ ಮಾರನೆಯ ಬೆಳಗು. ಕಡಲು
ಸಾಲ ಕೊಟ್ಟವನನ್ನು ಕಂಡವನಂತೆ
ಹಿಂದೆ ಸರಿಯುತ್ತಿತ್ತು, ಸರಿಯುತ್ತಲೇ ಇತ್ತು.
ನಾಲಿಗೆ ಮುಗಿದಲ್ಲಿ ನೀರಿರಲಿಲ್ಲ.
ಹನ್ನೊಂದು ಮಾರು ಕೆಸರು, ಆಮೇಲೆ ನೀರು.
ಗಾಸ್ಪಾರನ ನೀರು ಬಂದರಿನ ಪಟ್ಟಿಯದು, ಸರಾಸರಿ.
ಎದುವೀನಾಳ ನೀರು
ಪಾಚಿ ಬತ್ತಲಾಗುವ ಹೊತ್ತಿನದು.
ಇಬ್ಬರೂ ಬರೆದದ್ದು ನೀರೆಂದೇ.

ಕೆಸರಿನಲ್ಲಿ ಕಲ್ಲುಗಳಿದ್ದವು.
ಚಪ್ಪಟೆ, ಸಾಲಾಗಿ, ಸ್ವಲ್ಪ ಸೊಟ್ಟ.
ಎಣಿಸಿದೆ (ಎಣಿಸುವುದೊಂದೇ ಬರುವುದು ನನಗೆ):
ಮೂವತ್ತೊಂದು.

ಗಾರೆಯವನು ರೊಸಮೆಲ್ ವೆಂತೆಯೋ
ಸಲಿಕೆ ಬಕೆಟ್ಟು ದೋಣಿಗೇರಿಸುತ್ತಿದ್ದ.
ದಿನಗೂಲಿ. ಪಟ್ಟಿಯಲ್ಲಿ ಹೆಸರಿಲ್ಲದವನು,
ಹಳದಿಯೂ ಇಲ್ಲ ನೀಲಿಯೂ ಇಲ್ಲ ಅವನ ಪಾಲಿಗೆ.
ಯಾರು ಹೇಳಿದರು ನಿನಗೆ, ಎಂದೆ.
ಕೆಸರಿನತ್ತ ಗದ್ದ ತೋರಿಸಿದ.
"ಹೆಜ್ಜೆ. ಭರತ ಬರುವ ತನಕ ಇರುತ್ತವೆ.
ಎಲ್ಲರಿಗಿಂತ ಗಿಡ್ಡ ಹೆಜ್ಜೆ ಒತೀಲಿಯಾಳದು.
ಅದರ ಮೇಲೆ ಇಟ್ಟೆ."
ಅವಳ ಜತೆ ಮಾತಾಡಿದ್ದೀಯಾ?
"ಇಲ್ಲ. ಅವಳು ನಮ್ಮತ್ತೆ ಕಡೆಯವಳು, ಮಾತು ಬಿಟ್ಟಿದ್ದೇವೆ."

ಅಷ್ಟರಲ್ಲಿ ಅವಳೇ ಬಂದಳು, ಬೆನ್ನು ಬಾಗಿ,
ಮೂಟೆಯಿಂದ ನೀರು ತೊಟ್ಟಿಕ್ಕುತ್ತ.
ಇಪ್ಪತ್ತನೆಯ ಕಲ್ಲಿನ ಮೇಲೆ ನಿಂತಳು.
ಇಳಿಸಲಿಲ್ಲ. ಹೆಗಲು ಬದಲಿಸಿ,
ಯಾರಿಗೋ ಒಂದು ಬೈಗುಳ ಹಾಕಿ,
ಮುಂದೆ ಬಂದಳು.

ನಮೂನೆಯ ಕೊನೆಗೆ 'ಇತರೆ' ಎಂದು ಒಂದೂವರೆ ಸಾಲು.
ಬರೆದೆ: ಕಲ್ಲು, ಮೂವತ್ತೊಂದು.

ಸಂಜೆ ದೋಣಿಯಲ್ಲಿರುವಾಗ ಕಚೇರಿಯ ಫೋನು.
"ಇದೇನಿದು, ತೊಂಬತ್ತೊಂದೋ ಮೂವತ್ತೊಂದೋ?
ಅಷ್ಟು ಕಡಿಮೆಯಾ? ಒಂದು ಹೇಳಿ.
ಅರ್ಥವಾಯಿತಾ ನಾನು ಕೇಳಿದ್ದು?"
ಎಂಜಿನ್ನಿನ ಸದ್ದು, ದನಿ ಕಡಿಯುತ್ತಿತ್ತು.
ಹೂಂ, ಎಂದೆ.