ಹದಿಮೂರನೇ ಬ್ಯಾಸಗಿ

ಒಡೀಲಿಲ್ಲ, ಸಪ್ಪಳನೂ ಆಗಲಿಲ್ಲ.
ನಡುರಾತ್ರಿ ನೀರು ಕುಡೀಲಾಕ ಎದ್ದಾಗ
ಶಹಾಬಾದ ಕಲ್ಲಿನ ಮ್ಯಾಲ ಅಂಗಾಲು ತಣ್ಣಗಾತು.
ಮೇ ತಿಂಗಳ ಕಲಬುರಗಿಯೊಳಗ
ಅಂಗಾಲು ತಣ್ಣಗಾದರ
ಏನೋ ತಪ್ಪ್ಯಾದ ಅಂತನ ತಿಳೀಬೇಕು.

ಟಾರ್ಚ್ ಹಿಡಿದರ
ಎಡಗಡಿ ಮೂಲಿಯಿಂದ ನೂಲಿನಷ್ಟು ನೀರು,
ಒಳಗ ನಾಕು ಬೆರಳು ಇಳಿದದ.
ಮೀನುಗಳಿಗೆ ಗೊತ್ತಿಲ್ಲ,
ಇಲ್ಲಾ, ನಮಗಿಂತ ಮದಲ ಗೊತ್ತಿತ್ತು.

ಇವರು ಬಕೀಟು ಹುಡುಕೂತನ ಇದ್ದರು.
ನಾ ಹಿಟ್ಟು ನಾದೋ ಪರಾತ ತಂದೆ.

ಮುಂಜಾನಿ ಮುನೀರ್ ಚಾಚಾ ಬಂದರು,
ಲಗ್ನದ ವರ್ಷ ಇದನ್ನ ಮಾಡಿಕೊಟ್ಟವರು.
ಅಂಚಿಗುಂಟ ಬೆರಳಾಡಿಸಿ ಅಂದರು:
"ಗಾಜಿಗೆ ಮುಪ್ಪಿಲ್ಲ ಬೇಟಿ, ಅಂಟಿಗೆ ಅದ.
ಹತ್ತು ವರ್ಷ ಅಂದಿದ್ದೆ, ಹದಿಮೂರು ಬಂತು.
ಮ್ಯಾಲಿಂದ ಮೆತ್ತು ಅಂದರ ಮೆತ್ತತೀನಿ,
ರೊಕ್ಕನೂ ತಗೋತೀನಿ.
ಆದರ ಹಳೇ ಅಂಟಿನ ಮ್ಯಾಲ
ಹೊಸದು ಹಿಡಿಯಂಗಿಲ್ಲ.
ಪೂರಾ ಕೆರೀಬೇಕು."

ಒಬ್ಬೊಬ್ಬರು ಒಂದೊಂದು ಬ್ಲೇಡು ಹಿಡಿದು
ಎದುರಾಬದುರಾ ಕೂತು ಕೆರದೀವಿ.
ಗಾಜಿನ ಆಚೆ ಇವರ ಮುಖ
ಪಾಚಿ ಬಿಟ್ಟ ಕಡಿ ಅಷ್ಟ ಕಾಣತಿತ್ತು.

ಪರಾತದಾಗ ಕೆಂಪು ಮೀನು
ಸುತ್ತೇ ಸುತ್ತತದ,
ಮೂಲಿ ಹುಡುಕತದ.

ಇವತ್ತು ರೊಟ್ಟಿ ಇಲ್ಲ.
ಖಾನಾವಳಿಯಿಂದ ತರಸ್ರಿ.